ತವರಿಗೆ ಹಾರುವ ಮುನ್ನ ವಾರ ಎಣಿಸಿ: ಬಸುರಿಯರ ವಿಮಾನ ಪ್ರಯಾಣಕ್ಕೆ ಒಂದು ಮಾರ್ಗದರ್ಶಿ

"ಎಷ್ಟು ವಾರ ಆಗಿದೆ ಮೇಡಂ?"

ದೆಹಲಿ ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ ಹುಡುಗಿ ಹೀಗೆ ಕೇಳಿದಾಗ ಬೆಳಗಿನ ಜಾವ ಐದು ಗಂಟೆ. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಪಕ್ಕದಲ್ಲಿದ್ದ ಅಮ್ಮ, "ಏಳು ತುಂಬಿ ಎಂಟಕ್ಕೆ ಬಿದ್ದೈತಿ ಅನ್ನು" ಅಂದಳು. ನಾನು ಅದನ್ನೇ ಹೇಳಿದೆ. ಡಾಕ್ಟರ್ ಕೊಟ್ಟಿದ್ದ ಪತ್ರವನ್ನೂ ಮುಂದಿಟ್ಟೆ. ಅದರಲ್ಲೂ ಒಂದೇ ಸಾಲು: ಎಂಟನೇ ತಿಂಗಳು ನಡೆಯುತ್ತಿದೆ, ಪ್ರಯಾಣ ಮಾಡಬಹುದು. ವಾರ ಬರೆದಿರಲಿಲ್ಲ. ಹೆರಿಗೆಯ ದಿನಾಂಕ ಇರಲಿಲ್ಲ. ಡಾಕ್ಟರ್ ನೋಂದಣಿ ಸಂಖ್ಯೆಯೂ ಇರಲಿಲ್ಲ. ಆಕೆ ಪತ್ರವನ್ನು ಎರಡು ಸಲ ಓದಿ, ನನ್ನ ಹೊಟ್ಟೆ ನೋಡಿ, ಮೇಲಿನವರನ್ನು ಕರೆಯಲು ಎದ್ದುಹೋದಳು.

ಅಮ್ಮ ಅಲ್ಲೇ ನೆಲದ ಮೇಲೆ ಕೂತು ಸೂಟ್‌ಕೇಸ್ ಬಿಚ್ಚಿದಳು. ಹಿಂದಿನ ವಾರವಷ್ಟೇ ನಮ್ಮ ಬಾಡಿಗೆ ಮನೆಯಲ್ಲಿ ಕುಬಸ ಮಾಡಿದ್ದರು. ಉಡಿ ತುಂಬಿದ ಸೀರೆ, ಹಸಿರು ಬಳೆಯ ಡಬ್ಬಿ, ಅದರ ಕೆಳಗೆ ನನ್ನ ಸ್ವೆಟರ್, ಎಲ್ಲಕ್ಕಿಂತ ಅಡಿಯಲ್ಲಿ ಸ್ಕ್ಯಾನಿಂಗ್ ಫೈಲು. ಅದರಲ್ಲಿದ್ದ ಹೆರಿಗೆ ದಿನಾಂಕ ನೋಡಿ ಕೌಂಟರಿನವರೇ ಲೆಕ್ಕ ಹಾಕಿದರು. 31 ವಾರ 2 ದಿನ. ಆ ಕಂಪನಿಯ ನಿಯಮದಲ್ಲಿ 32 ವಾರದವರೆಗೆ ಪತ್ರವೇ ಬೇಕಿಲ್ಲ! ಬೇಡದ ಪತ್ರವನ್ನು ಅರ್ಧಂಬರ್ಧ ಬರೆಸಿಕೊಂಡು ಬಂದು, ಮುಕ್ಕಾಲು ಗಂಟೆ ನಿಂತಲ್ಲೇ ಬೆವರಿದ್ದೆವು. ವಿಮಾನ ಸಿಕ್ಕಿತು. ಆದರೆ ಆ ಮುಕ್ಕಾಲು ಗಂಟೆ ಇನ್ನೊಬ್ಬ ಬಸುರಿಗೆ ಬರಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ದೆಹಲಿ, ಮುಂಬೈ, ಪುಣೆಯಲ್ಲಿರುವವರು, ದುಬೈ-ಮಸ್ಕತ್‌ನಲ್ಲಿರುವವರು, ಇನ್ನೂ ದೂರದವರು ಹೆರಿಗೆಗೆ ತವರಿಗೆ ಬರುವುದು ನಮ್ಮಲ್ಲಿ ಈಗಲೂ ಇದೆ. ಹೆಚ್ಚಿನವರು ವಿಮಾನದಲ್ಲೇ ಬರುತ್ತಾರೆ. ಎಲ್ಲ ಸರಿಯಿದ್ದ ಬಸುರಿಗೆ ವಿಮಾನ ಪ್ರಯಾಣ ಅಪಾಯವಲ್ಲ. ತೊಂದರೆ ಆಗೋದು ಬಹಳ ಸಲ ಲೆಕ್ಕದಲ್ಲಿ, ಕಾಗದದಲ್ಲಿ.

ಮೊದಲು ಕ್ಯಾಲೆಂಡರ್ ತೆಗೆಯಿರಿ

ಮನೆಯಲ್ಲಿ ನಾವು ತಿಂಗಳು ಎಣಿಸುತ್ತೇವೆ. ಡಾಕ್ಟರ್ ಮತ್ತು ವಿಮಾನ ಕಂಪನಿ ವಾರ ಎಣಿಸುತ್ತಾರೆ. ಎರಡೂ ಒಂದಕ್ಕೊಂದು ಕೂಡುವುದಿಲ್ಲ. ನಾಲ್ಕು ವಾರಕ್ಕೆ ಒಂದು ತಿಂಗಳು ಅಂತ ಹಿಡಿದರೆ 32 ವಾರಕ್ಕೆ ಎಂಟು ತಿಂಗಳು ತುಂಬಿತು ಅನ್ನಿಸುತ್ತದೆ. ಕ್ಯಾಲೆಂಡರ್ ಪ್ರಕಾರ ಅದು ಏಳು ತಿಂಗಳು ಹತ್ತು-ಹನ್ನೊಂದು ದಿನ. ಹತ್ತಿರಹತ್ತಿರ ಇಪ್ಪತ್ತು ದಿನದ ವ್ಯತ್ಯಾಸ!

ಸುಲಭದ ದಾರಿ ಒಂದಿದೆ. ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಹೆರಿಗೆಯ ಅಂದಾಜು ದಿನಾಂಕ ಇರುತ್ತದೆ. ಡಾಕ್ಟರ್ ಚೀಟಿಯಲ್ಲಿ ಅದನ್ನು ಇ.ಡಿ.ಡಿ. ಅಂತ ಬರೆದಿರುತ್ತಾರೆ. ಅದು 40 ವಾರ ತುಂಬುವ ದಿನ. ಅಲ್ಲಿಂದ ಹಿಂದಕ್ಕೆ ಎಣಿಸಿ. 28 ದಿನ ಹಿಂದೆ ಹೋದರೆ 36 ವಾರ. ಇನ್ನೂ 28 ದಿನ ಹಿಂದೆ 32 ವಾರ. ಮತ್ತೆ 28 ದಿನ ಹಿಂದೆ 28 ವಾರ. ಹೆರಿಗೆ ದಿನಾಂಕ ನವೆಂಬರ್ 20 ಅಂತಿಟ್ಟುಕೊಳ್ಳಿ. ಅಕ್ಟೋಬರ್ 23ಕ್ಕೆ 36 ವಾರ, ಸೆಪ್ಟೆಂಬರ್ 25ಕ್ಕೆ 32, ಆಗಸ್ಟ್ 28ಕ್ಕೆ 28. ಈ ಮೂರು ದಿನಗಳಿಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ.

ಈ ಗುರುತುಗಳ ಅರ್ಥ ಇಷ್ಟು. 28 ವಾರದವರೆಗೆ ಸಾಮಾನ್ಯವಾಗಿ ಯಾರೂ ಪತ್ರ ಕೇಳುವುದಿಲ್ಲ. ಅದರಾಚೆ ಕಂಪನಿಯಿಂದ ಕಂಪನಿಗೆ ಬೇರೆ. ಇಂಡಿಗೋ 32 ವಾರದವರೆಗೆ ಕೇಳುವುದಿಲ್ಲ, ಆಮೇಲೆ ಡಾಕ್ಟರ್ ಪತ್ರ ಕೇಳುತ್ತದೆ. ಎಮಿರೇಟ್ಸ್ 29 ವಾರ ಆದಮೇಲೆಯೇ ಕೇಳುತ್ತದೆ. ಒಂದೇ ಮಗುವಿದ್ದರೆ 36 ವಾರದ ಹೊತ್ತಿಗೆ ಹೆಚ್ಚಿನ ಕಂಪನಿಗಳು ಬಾಗಿಲು ಹಾಕುತ್ತವೆ. ಅವಳಿ ಮಕ್ಕಳಿದ್ದರೆ 32 ವಾರಕ್ಕೇ. ನಿಯಮಗಳು ಬದಲಾಗುತ್ತಿರುತ್ತವೆ. ಟಿಕೆಟ್ ತೆಗೆಯುವ ದಿನವೇ ಆ ಕಂಪನಿಯ ವೆಬ್‌ಸೈಟಿನಲ್ಲಿ ಗರ್ಭಿಣಿಯರ ನಿಯಮ ಓದಿ, ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಎರಡು ಬೇರೆ ಕಂಪನಿಯ ವಿಮಾನ ಬದಲಿಸುವುದಿದ್ದರೆ ಎರಡರದ್ದೂ ಓದಿ. ಯಾವುದು ಬಿಗಿಯೋ ಅದೇ ನಿಮ್ಮ ಲೆಕ್ಕ.

ಈಗ ಶಾಸ್ತ್ರದ ವಿಷಯ. ಇದನ್ನು ಹೇಳಲೇಬೇಕು. ಎಷ್ಟೋ ಮನೆಗಳಲ್ಲಿ ಬಸುರಿಯನ್ನು ಎಂಟರಲ್ಲಿ ಹೊರಡಿಸುವುದಿಲ್ಲ. ಏಳರಲ್ಲಿ ಆಗದಿದ್ದರೆ ಒಂಬತ್ತಕ್ಕೆ ಬಿದ್ದ ಮೇಲೆ ಕರ್ಕೊಂಡು ಬರ್ತೀವಿ ಅನ್ನುತ್ತಾರೆ. ಬಸ್ಸು, ಎತ್ತಿನ ಗಾಡಿಯ ಕಾಲಕ್ಕೆ ಅದು ನಡೆಯಿತು. ಕ್ಯಾಲೆಂಡರ್ ಪ್ರಕಾರ ಎಂಟು ತಿಂಗಳು ತುಂಬುವಾಗ ನಿಮಗೆ ಹತ್ತಿರಹತ್ತಿರ 35 ವಾರ. ಒಂಬತ್ತಕ್ಕೆ ಬಿದ್ದು ಒಂದು ವಾರ ಕಳೆಯುವಷ್ಟರಲ್ಲಿ ವಿಮಾನದ ಬಾಗಿಲು ಮುಚ್ಚಿತು. ಆ ಒಂದು ವಾರದಲ್ಲಿ ಜ್ವರ ಬಂದರೆ? ದೆಹಲಿಯಲ್ಲಿ ಡಿಸೆಂಬರ್-ಜನವರಿಯ ಮಂಜಿಗೆ ವಿಮಾನ ರದ್ದಾದರೆ? ಹಾಗಾಗಿ ಹಿರಿಯರ ಜೊತೆ ಮೊದಲೇ ಕೂತು ಮಾತಾಡಿ. ಕುಬಸ, ಸೀಮಂತವನ್ನು ಐದರಲ್ಲೋ ಏಳರಲ್ಲೋ ಮುಗಿಸಿ, ಏಳರಲ್ಲೇ ಹೊರಡುವುದು ಎಲ್ಲದಕ್ಕೂ ಒಳ್ಳೆಯದು. ಶಾಸ್ತ್ರವೂ ಉಳಿಯಿತು, ಪತ್ರದ ಕಾಟವೂ ತಪ್ಪಿತು. ನಮ್ಮ ಅಜ್ಜಿಗೆ ಕ್ಯಾಲೆಂಡರಿನ ಕೆಂಪು ಗುರುತು ತೋರಿಸಿದ್ದೇ, ಅವರೇ ಮುಂದೆ ನಿಂತು ದಿನ ಹುಡುಕಿದರು.

ಕೆಲಸದಿಂದ ರಜೆ ಸಿಗೋದು ತಡ, 36ರವರೆಗೆ ಬಿಡುತ್ತಾರಲ್ಲ ಅಂತ ಕೊನೆಯ ದಿನದವರೆಗೆ ಕಾಯಬೇಡಿ. ಕೆಲವು ಕಂಪನಿಗಳು 36ನೇ ವಾರ ಶುರುವಾಗುವಾಗಲೇ ಬೇಡ ಅನ್ನುತ್ತವೆ, ಕೆಲವು 36 ತುಂಬುವವರೆಗೆ ಬಿಡುತ್ತವೆ. ಒಂದು ಪದದಲ್ಲಿ ಏಳು ದಿನ ಹೋಗುತ್ತದೆ. 34 ವಾರದೊಳಗೆ ತವರಿನ ಹೊಸ್ತಿಲು ದಾಟಿರಿ.

ಡಾಕ್ಟರ್ ಹತ್ತಿರ ಏನು ಕೇಳಬೇಕು

ಟಿಕೆಟ್ ತೆಗೆಯುವ ಮುಂಚೆ ಕೇಳಿ, ಆಮೇಲಲ್ಲ. ಪ್ರಯಾಣಕ್ಕೆ ಅತಿ ಹಿತವಾದ ಕಾಲ 14ರಿಂದ 28 ವಾರ. ವಾಂತಿ, ಸುಸ್ತು ಕಡಿಮೆಯಾಗಿರುತ್ತದೆ, ಹೊಟ್ಟೆ ಇನ್ನೂ ಭಾರವಾಗಿರುವುದಿಲ್ಲ.

ಮೊದಲ ಮೂರು ತಿಂಗಳಲ್ಲಿ ಹೊರಡಬೇಕಾದರೆ ಒಂದು ಸ್ಕ್ಯಾನಿಂಗ್ ಮಾಡಿಸಿ, ಗರ್ಭ ಗರ್ಭಕೋಶದ ಒಳಗೇ ನಿಂತಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ನಾಳದಲ್ಲಿ ನಿಂತ ಗರ್ಭ ಒಡೆದರೆ ತಕ್ಷಣ ಆಪರೇಷನ್ ಬೇಕಾಗುತ್ತದೆ, ಆಕಾಶದಲ್ಲಿ ಅದು ಆಗುವ ಮಾತಲ್ಲ. ವಿಮಾನ ಹತ್ತಿದ್ದಕ್ಕೇ ಗರ್ಭ ಇಳಿಯಿತು ಅನ್ನೋ ಮಾತು ಮಾತ್ರ ನಂಬಬೇಡಿ. ಮೊದಲ ತಿಂಗಳುಗಳಲ್ಲಿ ಗರ್ಭಪಾತ ಮನೆಯಲ್ಲಿ ಕೂತಿದ್ದವರಿಗೂ ಆಗುತ್ತದೆ. ಆಗಿಹೋದವರು ತಮ್ಮನ್ನೇ ದೂರಿಕೊಂಡು ವರ್ಷಗಟ್ಟಲೆ ಕೊರಗುವುದನ್ನು ನೋಡಿದ್ದೇನೆ. ಅದಕ್ಕೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಕೆಲವರು ಹೋಗಲೇಬಾರದು, ಇಲ್ಲವೇ ಡಾಕ್ಟರ್ ಸ್ಪಷ್ಟವಾಗಿ ಹೂಂ ಅಂದರೆ ಮಾತ್ರ ಹೋಗಬೇಕು. ರಕ್ತಸ್ರಾವ ಆಗುತ್ತಿರುವವರು. ಮಾಸು ಕೆಳಗಿದೆ ಅಂತ ಸ್ಕ್ಯಾನಿಂಗಿನಲ್ಲಿ ಬಂದವರು. ಬಿಪಿ ಏರಿ, ಮುಖ-ಕೈ ಊದಿಕೊಂಡು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿರುವವರು. ರಕ್ತ ತೀರಾ ಕಡಿಮೆ ಇರುವವರು. ಹಿಂದಿನ ಹೆರಿಗೆ ದಿನ ತುಂಬುವ ಮೊದಲೇ ಆದವರು, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿಸಿಕೊಂಡವರು. ಮಗುವಿನ ಬೆಳವಣಿಗೆ ಕಡಿಮೆ ಅಂದಿದ್ದರೆ ಅವರೂ. "ಎರಡೇ ಗಂಟೆ ಅಲ್ವಾ" ಅಂತ ಸಮಾಧಾನ ಮಾಡಿಕೊಳ್ಳಬೇಡಿ. ವಿಮಾನದಲ್ಲಿ ಆ ಎರಡು ಗಂಟೆ ಆಸ್ಪತ್ರೆ ಇರುವುದಿಲ್ಲ.

ಎಲ್ಲ ಸರಿಯಿದ್ದವರಿಗೆ ಇರುವ ಭಯಗಳ ಬಗ್ಗೆ ಎರಡು ಮಾತು. ವಿಮಾನದ ಒಳಗಿನ ಗಾಳಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟು ತೆಳುವಾಗಿರುತ್ತದೆ. ನಮ್ಮ ಮುಳ್ಳಯ್ಯನಗಿರಿ 6,300 ಅಡಿ ಚಿಲ್ಲರೆ. ಅಂದರೆ ಅದರ ತುದಿಯಲ್ಲೋ, ಇನ್ನೂ ಒಂದಿಷ್ಟು ಮೇಲೋ ಕೂತ ಹಾಗೆ. ಹೊಟ್ಟೆಯಲ್ಲಿರುವ ಮಗುವಿನ ರಕ್ತ ನಮ್ಮದಕ್ಕಿಂತ ಗಟ್ಟಿಯಾಗಿ ಆಮ್ಲಜನಕ ಹಿಡಿದುಕೊಳ್ಳುತ್ತದೆ. ಹಾಗಾಗಿ ಆರೋಗ್ಯವಾಗಿರುವ ತಾಯಿಯ ಮಗುವಿಗೆ ಇದು ಕೊರತೆಯಾಗುವುದಿಲ್ಲ. ಒತ್ತಡಕ್ಕೆ ನೀರು ಒಡೆಯುತ್ತದೆ, ನೋವು ಶುರುವಾಗುತ್ತದೆ ಅನ್ನುವುದಕ್ಕೂ ಆಧಾರವಿಲ್ಲ. ಎತ್ತರದಲ್ಲಿ ಬಾಹ್ಯಾಕಾಶದ ವಿಕಿರಣ ಸ್ವಲ್ಪ ಜಾಸ್ತಿ ನಿಜ, ಆದರೆ ಅಪರೂಪಕ್ಕೆ ಹೋಗಿಬರುವವರಿಗೆ ಅದು ಲೆಕ್ಕಕ್ಕಿಲ್ಲ. ಕೆಲಸದ ಮೇಲೆ ವಾರವಾರ ಹಾರುವವರು, ವಿಮಾನದಲ್ಲೇ ಕೆಲಸ ಮಾಡುವವರು ಮಾತ್ರ ಡಾಕ್ಟರ್ ಹತ್ತಿರ ಈ ವಿಷಯ ಎತ್ತಬೇಕು.

ನಿಜವಾಗಿ ಗಮನ ಕೊಡಬೇಕಾದ್ದು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದಕ್ಕೆ. ಬಸುರಿಯರಿಗೆ ಇದರ ಸಾಧ್ಯತೆ ಮೊದಲೇ ಜಾಸ್ತಿ. ನಾಲ್ಕು ಗಂಟೆಗಿಂತ ಹೆಚ್ಚು ಕೂತೇ ಇದ್ದರೆ ಇನ್ನೂ ಏರುತ್ತದೆ. ಕೊಲ್ಲಿ ದೇಶದಿಂದ ಬರುವವರು ಈ ಗೆರೆಯ ಆಸುಪಾಸಿನಲ್ಲಿರುತ್ತಾರೆ. ಲಂಡನ್, ಅಮೆರಿಕದವರು ಎಷ್ಟೋ ದಾಟಿರುತ್ತಾರೆ. ಅವರು ಬಿಗಿ ಕಾಲುಚೀಲದ ಬಗ್ಗೆ ಡಾಕ್ಟರನ್ನು ಕೇಳಲೇಬೇಕು. ಕಂಪ್ರೆಷನ್ ಸ್ಟಾಕಿಂಗ್ಸ್ ಅಂದರೆ ಮೆಡಿಕಲ್ ಶಾಪಿನವರಿಗೆ ಗೊತ್ತಾಗುತ್ತದೆ. ಕಾಲಿನ ಅಳತೆ ಕೊಟ್ಟು ತೆಗೆದುಕೊಳ್ಳಿ, ಅಳತೆ ತಪ್ಪಿದರೆ ಉಪಯೋಗವಿಲ್ಲ. ಮೊದಲೊಮ್ಮೆ ಹೆಪ್ಪುಗಟ್ಟಿದ್ದವರಿಗೆ, ತೂಕ ಜಾಸ್ತಿ ಇರುವವರಿಗೆ ಡಾಕ್ಟರ್ ಇಂಜೆಕ್ಷನ್ ಹೇಳಬಹುದು. ನೀವೇ ಆಸ್ಪಿರಿನ್ ನುಂಗಬೇಡಿ.

ಟಿಕೆಟ್

ನೇರ ವಿಮಾನಕ್ಕೆ ಸಾವಿರ-ಎರಡು ಸಾವಿರ ಜಾಸ್ತಿಯಾದರೂ ಕೊಡಿ. ನಡುವೆ ಇಳಿದು ಹತ್ತುವುದರಲ್ಲೇ ಹೆಚ್ಚು ಸುಸ್ತು. ದಾರಿ ಪಕ್ಕದ ಸೀಟು ತೆಗೆದುಕೊಳ್ಳಿ. ಶೌಚಾಲಯ ಹತ್ತಿರವಿದ್ದರೆ ಇನ್ನೂ ಒಳ್ಳೆಯದು. ಕಾಲು ಚಾಚಲು ಜಾಗ ಇದೆ ಅಂತ ತುರ್ತು ಬಾಗಿಲಿನ ಸಾಲು ಬುಕ್ ಮಾಡಬೇಡಿ. ಅಲ್ಲಿ ಬಸುರಿಯರನ್ನು ಕೂರಿಸುವುದಿಲ್ಲ, ಕೊನೆ ಗಳಿಗೆಯಲ್ಲಿ ಎಬ್ಬಿಸಿ ಎಲ್ಲೋ ಮಧ್ಯದ ಸೀಟಿಗೆ ಕಳಿಸುತ್ತಾರೆ.

ಟಿಕೆಟ್ ತೆಗೆಯುವಾಗಲೇ ಗಾಲಿಕುರ್ಚಿ ಬೇಕು ಅಂತ ಹೇಳಿ. ಕೊನೆಗೆ 48 ಗಂಟೆ ಮುಂಚೆಯಾದರೂ ಹೇಳಿ. "ನಾನೇನು ರೋಗಿಯಾ" ಅಂತ ನನಗೂ ಅನ್ನಿಸಿತ್ತು. ದೊಡ್ಡ ನಿಲ್ದಾಣದಲ್ಲಿ ಗೇಟಿನವರೆಗಿನ ದೂರ ನಡೆದು ನೋಡಿದ ಮೇಲೆ ಆ ಮಾತು ಬಾಯಿಗೆ ಬರಲಿಲ್ಲ.

ವಿದೇಶದಿಂದ ಬರುವವರು ವಿಮೆ ಕಾಗದ ಓದಿ. ಹೆಚ್ಚಿನ ಪ್ರಯಾಣ ವಿಮೆಗಳಲ್ಲಿ ಸಹಜ ಹೆರಿಗೆಯ ಖರ್ಚು ಬರುವುದಿಲ್ಲ. ಬಸುರಿನ ತೊಂದರೆಗೂ ಇಂತಿಷ್ಟು ವಾರದವರೆಗೆ ಮಾತ್ರ ಅಂತ ಇರುತ್ತದೆ.

ಡಾಕ್ಟರ್ ಪತ್ರದಲ್ಲಿ ಇರಲೇಬೇಕಾದ್ದು

ನನ್ನ ಪೇಚಾಟವೆಲ್ಲ ಇಲ್ಲೇ ಆಗಿದ್ದು. ಫಿಟ್ ಟು ಫ್ಲೈ ಸರ್ಟಿಫಿಕೇಟ್ ಅಂತ ಹೆಸರಿಟ್ಟೇ ಕೇಳಿ. ಸುಮ್ನೆ "ಒಂದು ಲೆಟರ್ ಕೊಡಿ ಡಾಕ್ಟ್ರೇ" ಅಂದರೆ ಅವರೂ ಗಡಿಬಿಡಿಯಲ್ಲಿ ಒಂದು ಸಾಲು ಗೀಚಿ ಕೊಡುತ್ತಾರೆ. ನಾನು ಈಗ ಎಲ್ಲರಿಗೂ ಈ ಪಟ್ಟಿ ಬರೆದು ಕೊಡುತ್ತೇನೆ:

- ಆಸ್ಪತ್ರೆಯ ಲೆಟರ್‌ಹೆಡ್, ಬರೆದ ದಿನಾಂಕ
- ಟಿಕೆಟ್ ಮತ್ತು ಗುರುತಿನ ಚೀಟಿಯಲ್ಲಿ ಇರುವ ಹಾಗೇ ನಿಮ್ಮ ಹೆಸರು (ಮದುವೆಗೆ ಮುಂಚಿನ ಹೆಸರು ಒಂದರಲ್ಲಿ, ನಂತರದ್ದು ಇನ್ನೊಂದರಲ್ಲಿ ಇರದಂತೆ ನೋಡಿಕೊಳ್ಳಿ)
- ಪ್ರಯಾಣದ ದಿನಕ್ಕೆ ಎಷ್ಟು ವಾರ, ಎಷ್ಟು ದಿನ
- ಹೆರಿಗೆಯ ಅಂದಾಜು ದಿನಾಂಕ
- ಒಂದೇ ಮಗುವೋ, ಅವಳಿಯೋ
- ತೊಂದರೆ ಏನೂ ಇಲ್ಲ, ಇಂಥ ದಿನಾಂಕದಂದು ವಿಮಾನ ಪ್ರಯಾಣ ಮಾಡಬಹುದು ಅನ್ನುವ ಮಾತು
- ಡಾಕ್ಟರ್ ಸಹಿ, ಮೊಹರು, ನೋಂದಣಿ ಸಂಖ್ಯೆ, ಫೋನ್ ನಂಬರ್

ಪತ್ರ ತುಂಬಾ ಮುಂಚೆ ಬರೆಸಿದರೂ ನಡೆಯುವುದಿಲ್ಲ. ಕೆಲವು ಕಂಪನಿಗಳಿಗೆ ಅದು ಹೊರಡುವ ಮುಂಚಿನ 72 ಗಂಟೆಯೊಳಗೆ ಬರೆದದ್ದಾಗಿರಬೇಕು, ಕೆಲವಕ್ಕೆ ವಾರ-ಹತ್ತು ದಿನ ಆಗುತ್ತದೆ. ವಿಮಾನ ರದ್ದಾಗಿ ಮರುದಿನಕ್ಕೆ ಹೋದರೆ ಪತ್ರದ ಅವಧಿ ಮುಗಿಯಬಹುದು. ಅದಕ್ಕೇ ಡಾಕ್ಟರನ್ನು ಕೇಳಿ, ಎರಡು-ಮೂರು ದಿನದ ಅವಕಾಶ ಇಟ್ಟು ಬರೆಸಿ. ಕೆಲವು ಕಂಪನಿಗಳದ್ದೇ ಫಾರಂ ಇರುತ್ತದೆ, ಅದನ್ನು ತೆಗೆದುಕೊಂಡು ಹೋಗಿ ತುಂಬಿಸಿ. ಮೂಲಪತ್ರದ ಜೊತೆ ಎರಡು ಜೆರಾಕ್ಸ್ ಇಟ್ಟುಕೊಳ್ಳಿ. ಫೋನಿನಲ್ಲಿರುವ ಫೋಟೊ ನೋಡಿ ಬಿಡುತ್ತಾರೆ ಅಂತ ನಂಬಿ ಹೋಗಬೇಡಿ.

ಹತ್ತು-ಹದಿನೈದು ದಿನ ಇದ್ದು ವಾಪಸ್ ಬರುವವರು ಬರುವ ದಿನದ ವಾರವನ್ನೂ ಲೆಕ್ಕ ಹಾಕಿ. ಹೋಗುವಾಗ 31, ಬರುವಾಗ 33 ಆಗಿರುತ್ತದೆ. ತಂಗಿಯ ಮದುವೆಗೆ ಅಂತ ಆರಾಮಾಗಿ ಹೋಗಿ, ವಾಪಸ್ ಬರುವ ದಿನ ಊರಲ್ಲಿ ಗೊತ್ತಿಲ್ಲದ ಡಾಕ್ಟರ್ ಮುಂದೆ ಪತ್ರಕ್ಕೆ ಕೂತವರು ಇದ್ದಾರೆ.

ಕೈಚೀಲ

ಫೈಲು ಕೈಯಲ್ಲೇ ಇರಲಿ. ಸೂಟ್‌ಕೇಸಿಗೆ ಹಾಕಲೇಬೇಡಿ. ಎಲ್ಲ ಸ್ಕ್ಯಾನಿಂಗ್ ರಿಪೋರ್ಟ್, ರಕ್ತದ ಗುಂಪು, ಕೊನೆಯ ರಕ್ತಪರೀಕ್ಷೆ, ಬಿಪಿ-ಶುಗರ್ ಬರೆದ ಹಾಳೆ, ಹಾಕಿಸಿಕೊಂಡ ಇಂಜೆಕ್ಷನ್ ವಿವರ ಅದರಲ್ಲಿರಲಿ. ಕರ್ನಾಟಕದಲ್ಲಿ ಹೆಸರು ಬರೆಸಿ ತಾಯಿ ಕಾರ್ಡ್ ಪಡೆದವರು ಅದನ್ನೂ ಇಟ್ಟುಕೊಳ್ಳಿ. ನೆಗೆಟಿವ್ ರಕ್ತದ ಗುಂಪಿನವರಿಗೆ 28 ವಾರದ ಹೊತ್ತಿಗೆ ಆಂಟಿ-ಡಿ ಇಂಜೆಕ್ಷನ್ ಕೊಡುವುದುಂಟು. ಕೊಟ್ಟಿದ್ದಾರಾ ಇಲ್ಲವಾ ಅನ್ನೋದು ಹೊಸ ಆಸ್ಪತ್ರೆಗೆ ಆ ಫೈಲಿನಿಂದಲೇ ಗೊತ್ತಾಗಬೇಕು.

ಮಾತ್ರೆಗಳು ಕೈಚೀಲದಲ್ಲಿ, ಚೀಟಿಯ ಸಮೇತ. ಇಂಜೆಕ್ಷನ್ ಇದ್ದರೆ ಡಾಕ್ಟರ್ ಬರಹ ಜೊತೆಗಿರಲಿ. ಖಾಲಿ ನೀರಿನ ಬಾಟಲಿ ತೆಗೆದುಕೊಂಡು ಹೋಗಿ, ತಪಾಸಣೆ ದಾಟಿದ ಮೇಲೆ ತುಂಬಿಸಿಕೊಳ್ಳಿ. ತಿನ್ನಲು ಚಪಾತಿ-ಚಟ್ನಿಪುಡಿ, ಒಣದ್ರಾಕ್ಷಿ, ಖರ್ಜೂರ ಸಾಕು. ಮೇಲೆ ಹೋದಂತೆ ಹೊಟ್ಟೆಯೊಳಗಿನ ಗಾಳಿ ಹಿಗ್ಗುತ್ತದೆ. ಹಾಗಾಗಿ ಹಿಂದಿನ ರಾತ್ರಿಯಿಂದ ಹುರುಳಿ, ಕಡಲೆ, ಎಲೆಕೋಸು, ಸೋಡಾ ಬೇಡ. ವಾಂತಿ ಬರುವವರಿಗೆ ಮೂಸಿ ನೋಡಲು ಒಂದು ನಿಂಬೆಹಣ್ಣು. ಸಡಿಲ ಹತ್ತಿ ಬಟ್ಟೆ, ಒಂದು ಶಾಲು.

ಚಪ್ಪಲಿಯ ಬಗ್ಗೆ ಯಾರೂ ನನಗೆ ಹೇಳಿರಲಿಲ್ಲ. ಹೊಸ ಬೂಟು ಹಾಕಿಕೊಂಡು ಹೋಗಿದ್ದೆ. ಆರಾಮಾಗಲಿ ಅಂತ ವಿಮಾನದಲ್ಲಿ ಕಳಚಿ ಕೂತೆ. ಬೆಂಗಳೂರಿನಲ್ಲಿ ಇಳಿಯುವಾಗ ಕಾಲು ಊದಿಕೊಂಡು ಹಿಮ್ಮಡಿ ಒಳಗೆ ಹೋಗಲೇ ಇಲ್ಲ. ಅಮ್ಮ ತನ್ನ ಹವಾಯಿ ಚಪ್ಪಲಿ ಬಿಚ್ಚಿ ನನ್ನ ಕಾಲಿಗೆ ಹಾಕಿ, ತಾನು ಬರಿಗಾಲಲ್ಲಿ ಸಾಮಾನಿನ ಬೆಲ್ಟಿನವರೆಗೂ ನಡೆದಳು. ಪಟ್ಟಿ ಸಡಿಲಿಸಲು ಬರುವ ಚಪ್ಪಲಿ ಹಾಕಿಕೊಳ್ಳಿ. ಬಿಗಿ ಉಂಗುರ ಮನೆಯಲ್ಲೇ ತೆಗೆದಿಡಿ.

ಮಗಳ ಬಾಣಂತನಕ್ಕೆ ಅಮ್ಮನೇ ದುಬೈಗೋ ರಿಯಾದಿಗೋ ಸಿಂಗಪುರಕ್ಕೋ ಹೋಗುವ ಮನೆಗಳಿಗೆ ಒಂದು ಮುಖ್ಯ ಮಾತು. ಅಂಟಿನುಂಡೆ ಕಟ್ಟಿಕೊಂಡು ಹೋಗುವುದಾದರೆ ಗಸಗಸೆ ಹಾಕಬೇಡಿ. ಗಸಗಸೆ ಅಲ್ಲಿ ಮಾದಕ ವಸ್ತುವಿನ ಲೆಕ್ಕಕ್ಕೆ ಬರುತ್ತದೆ, ಚಿಟಿಕೆಯಷ್ಟು ಸಿಕ್ಕರೂ ಪೊಲೀಸ್ ಕೇಸು ಆಗಬಹುದು. ಕೊಡೀನ್ ಇರುವ ಕೆಮ್ಮಿನ ಔಷಧಿ, ಟ್ರಾಮಡಾಲ್ ಇರುವ ನೋವಿನ ಮಾತ್ರೆಯನ್ನೂ ಕೇಳದೆ ಒಯ್ಯಬಾರದು. ಲೇಹ್ಯಕ್ಕೆ ಏನೇನು ಬಿದ್ದಿದೆ ಅಂತ ಮಾಡಿಕೊಟ್ಟವರನ್ನು ಕೇಳಿ ತಿಳಿದುಕೊಳ್ಳಿ.

ನಿಲ್ದಾಣದಲ್ಲಿ

ಮನೆಯಿಂದ ನಿಲ್ದಾಣದ ದಾರಿಯೇ ಕೆಲವೊಮ್ಮೆ ವಿಮಾನಕ್ಕಿಂತ ಕಷ್ಟ. ಹಂಪ್ ಬಂದಾಗ ನಿಧಾನ ಮಾಡಿ ಅಂತ ಡ್ರೈವರಿಗೆ ಹತ್ತುವಾಗಲೇ ಹೇಳಿ. ದೇಶದೊಳಗಿನ ವಿಮಾನಕ್ಕೆ ಎರಡೂವರೆ ಗಂಟೆ, ಹೊರದೇಶಕ್ಕೆ ನಾಲ್ಕು ಗಂಟೆ ಮುಂಚೆ ಅಲ್ಲಿರಿ. ಕೌಂಟರ್ ಹೊರಡುವ ಒಂದು ಗಂಟೆ ಮುಂಚೆಯೇ ಮುಚ್ಚುತ್ತದೆ. ನಮ್ಮ ಹಾಗೆ ಪ್ರಶ್ನೆ ಬಂದರೆ ಉತ್ತರ ಹುಡುಕಲು ಹೊತ್ತು ಬೇಕಲ್ವಾ.

ಕೌಂಟರಿನಲ್ಲಿ "ಎಷ್ಟು ತಿಂಗಳು" ಅಂತ ಕೇಳಿದರೂ ವಾರದಲ್ಲೇ ಹೇಳಿ. "31 ವಾರ 2 ದಿನ, ಒಂದೇ ಮಗು" ಅಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. 28 ವಾರದ ಮುಂಚೆ ಹೋಗುವವರೂ ದಿನಾಂಕ ಇರುವ ರಿಪೋರ್ಟ್ ಇಟ್ಟುಕೊಳ್ಳಿ. ಹೊಟ್ಟೆ ದೊಡ್ಡದಾಗಿ ಕಂಡರೆ ಅವರಿಗೆ ಅನುಮಾನ ಬರುವುದು ಸಹಜ. ಭಾರ ಎತ್ತಬೇಡಿ. ಬೆಲ್ಟಿನ ಮೇಲೆ ಸೂಟ್‌ಕೇಸ್ ಇಡಲು ಯಾರನ್ನು ಕೇಳಿದರೂ ಇಟ್ಟುಕೊಡುತ್ತಾರೆ.

ಭದ್ರತಾ ತಪಾಸಣೆಗೆ ಹೆದರಬೇಕಿಲ್ಲ. ನೀವು ದಾಟುವ ಚೌಕಟ್ಟು, ಪರದೆಯೊಳಗೆ ಮಹಿಳಾ ಸಿಬ್ಬಂದಿ ಆಡಿಸುವ ಕೈಯಂತ್ರ ಎರಡೂ ಲೋಹ ಹುಡುಕುವಂಥವು. ಅವುಗಳಲ್ಲಿ ಎಕ್ಸ್-ರೇ ಇಲ್ಲ. ಎಕ್ಸ್-ರೇ ಇರುವುದು ಬ್ಯಾಗು ಹೋಗುವ ಪೆಟ್ಟಿಗೆಯಲ್ಲಿ. ಮನಸ್ಸಿಗೆ ಸಮಾಧಾನ ಇಲ್ಲದಿದ್ದರೆ ಕೈಯಲ್ಲೇ ತಪಾಸಣೆ ಮಾಡಿ ಅಂತ ಕೇಳಿ.

ಸಣ್ಣ ನಿಲ್ದಾಣಗಳಲ್ಲಿ ವಿಮಾನಕ್ಕೆ ಹೊರಗಿನಿಂದ ಮೆಟ್ಟಿಲು ಹತ್ತಬೇಕಾಗಬಹುದು. ಬಸುರಿ ಅಂತ ಹೇಳಿದರೆ ಮೊದಲು ಬಿಡುತ್ತಾರೆ. ಕಂಬಿ ಹಿಡಿದು ನಿಧಾನ ಹತ್ತಿ. ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತದೆ.

ವಿಮಾನದೊಳಗೆ

ಬೆಲ್ಟನ್ನು ಹೊಟ್ಟೆಯ ಮೇಲೆ ಕಟ್ಟಬೇಡಿ. ಹೊಟ್ಟೆಯ ಕೆಳಗೆ, ತೊಡೆ ಸೊಂಟ ಸೇರುವಲ್ಲಿ ಮೂಳೆಗೆ ತಾಗುವಂತೆ ಕಟ್ಟಿ. ಸಾಲದಿದ್ದರೆ ಉದ್ದದ ತುಂಡು ಕೊಡಿ ಅಂತ ಸಿಬ್ಬಂದಿಯನ್ನು ಕೇಳಿ, ಅವರ ಹತ್ತಿರ ಇರುತ್ತದೆ. ಕೂತಷ್ಟು ಹೊತ್ತೂ ಕಟ್ಟಿಕೊಂಡೇ ಇರಿ. ವಿಮಾನ ಯಾವಾಗ ಕುಲುಕುತ್ತದೆ ಅಂತ ಹೇಳಲಾಗದು.

ಗಂಟೆಗೊಮ್ಮೆ ಎದ್ದು ಓಡಾಡಿ. ನಡೆಯುವಾಗ ಸೀಟಿನ ಬೆನ್ನು ಹಿಡಿದುಕೊಳ್ಳಿ. ಕೂತಲ್ಲೂ ಕಾಲಿಗೆ ಕೆಲಸ ಕೊಡಿ. ಹಿಮ್ಮಡಿ ಊರಿ ಬೆರಳೆತ್ತುವುದು, ಬೆರಳೂರಿ ಹಿಮ್ಮಡಿ ಎತ್ತುವುದು, ಪಾದ ಸುತ್ತುವುದು. ಹತ್ತಿಪ್ಪತ್ತು ಸಲ ಮಾಡಿದರೆ ಮೀನಖಂಡ ಬೆಚ್ಚಗಾಗುವುದು ನಿಮಗೇ ಗೊತ್ತಾಗುತ್ತದೆ. ಕಾಲ ಮೇಲೆ ಕಾಲು ಹಾಕಿ ಕೂರಬೇಡಿ. ಒಳಗಿನ ಗಾಳಿ ಬಹಳ ಒಣ, ಹಾಗಾಗಿ ಸ್ವಲ್ಪ ಸ್ವಲ್ಪ ನೀರು ಕುಡಿಯುತ್ತಲೇ ಇರಿ. ಶೌಚಾಲಯಕ್ಕೆ ಹೋಗಬೇಕಾಗುತ್ತೆ ಅಂತ ನೀರು ಬಿಡುವವರೇ ಜಾಸ್ತಿ. ಪಕ್ಕದವರು ಎಷ್ಟು ಸಲ ಎದ್ದರೂ ಏನೂ ಅಂದುಕೊಳ್ಳುವುದಿಲ್ಲ. ಅಂದುಕೊಂಡರೂ ಪರವಾಗಿಲ್ಲ, ಏಳಿ.

ಹೊಟ್ಟೆ ಬಿಟ್ಟುಬಿಟ್ಟು ಗಟ್ಟಿಯಾಗಿ ನೋಯುವುದು, ರಕ್ತ ಅಥವಾ ನೀರು ಹೋಗುವುದು, ಕಣ್ಣು ಮಂಜಾಗಿ ತಲೆ ಸಿಡಿಯುವುದು, ಉಸಿರು ಕಟ್ಟುವುದು: ಇವುಗಳಲ್ಲಿ ಯಾವುದಾದರೂ ಆದರೆ ತಕ್ಷಣ ಸಿಬ್ಬಂದಿಗೆ ಹೇಳಿ. ಇಳಿದ ಮೇಲೆ ನೋಡೋಣ ಅಂತ ತಡೆಯಬೇಡಿ. ಪ್ರಯಾಣಿಕರಲ್ಲಿ ಡಾಕ್ಟರ್ ಇದ್ದಾರಾ ಅಂತ ಅವರು ಕೇಳುತ್ತಾರೆ, ಕೆಳಗೆ ಆಂಬುಲೆನ್ಸ್ ಸಿದ್ಧ ಮಾಡಿಸುತ್ತಾರೆ.

ಇಳಿದ ಮೇಲೆ

ವಿಮಾನ ಇಳಿದ ತಕ್ಷಣ ತವರು ಬರುವುದಿಲ್ಲ. ದೇವನಹಳ್ಳಿಯಿಂದ ನಮ್ಮ ದಾವಣಗೆರೆಗೆ ಸುಮಾರು 260 ಕಿಲೋಮೀಟರ್. ಅವತ್ತೇ ಕಾರಿನಲ್ಲಿ ಹೊರಟುಬಿಡೋಣ ಅಂತ ಅಪ್ಪ ಗಾಡಿ ತಂದಿದ್ದರು. ಅಮ್ಮ ಬಿಡಲಿಲ್ಲ. ಬೆಂಗಳೂರಿನ ಚಿಕ್ಕಮ್ಮನ ಮನೆಯಲ್ಲಿ ಒಂದು ರಾತ್ರಿ ಕಾಲು ಮೇಲಿಟ್ಟು ಮಲಗಿ, ಮರುದಿನ ರೈಲಿನಲ್ಲಿ ಹೋದೆವು. ರೈಲಿನಲ್ಲಿ ಎದ್ದು ಓಡಾಡಬಹುದು, ಶೌಚಾಲಯ ಇರುತ್ತದೆ. ಕಾರೇ ಆದರೆ ಗಂಟೆ-ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿ ಇಳಿಯಿರಿ. ವಿಮಾನದ ಗಡುವು ಮೀರಿದವರಿಗೂ ರೈಲು ಒಂದು ದಾರಿ. ಬಸುರಿಯರಿಗೆ ಕೆಳಗಿನ ಬರ್ತಿನ ಕೋಟಾ ಇದೆ, ಟಿಕೆಟ್ ತೆಗೆಯುವಾಗ ಕೇಳಿ. ಆದರೆ 36 ವಾರ ದಾಟಿದ ಮೇಲೆ ರೈಲಿಗೂ ಡಾಕ್ಟರನ್ನು ಕೇಳದೆ ಹತ್ತಬಾರದು.

ಆಮೇಲಿನ ಕೆಲವು ವಾರ ಕಾಲಿನ ಮೇಲೆ ಕಣ್ಣಿರಲಿ. ಎರಡೂ ಕಾಲು ಸಮನಾಗಿ ಊದಿದರೆ ಸಾಮಾನ್ಯವಾಗಿ ಬಸುರಿನ ಊತ. ಒಂದೇ ಕಾಲು ಊದಿ, ಕೆಂಪಾಗಿ, ಮೀನಖಂಡ ನೋಯುತ್ತಿದ್ದರೆ ತಿಕ್ಕಬೇಡಿ, ಎಣ್ಣೆ ನೀವಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಎದೆ ನೋವು, ಉಸಿರಾಟದ ಕಷ್ಟ ಬಂದರೆ 108ಕ್ಕೆ ಫೋನ್ ಮಾಡಿ.

ಊರಿನ ಆಸ್ಪತ್ರೆಯನ್ನು ಬರುವ ಮುಂಚೆಯೇ ಗೊತ್ತು ಮಾಡಿರಿ. ಬಂದು ಎರಡು-ಮೂರು ದಿನದಲ್ಲಿ ಫೈಲು ಹಿಡಿದು ಹೋಗಿ ತೋರಿಸಿ, ಹೆಸರು ಬರೆಸಿ. ಹಳೇ ಡಾಕ್ಟರ್ ನಂಬರ್ ಹೊಸ ಡಾಕ್ಟರಿಗೆ ಕೊಡಿ. ಮಗು ಮಿಸುಕಾಡುವುದು ಎಂದಿಗಿಂತ ಕಡಿಮೆ ಅನ್ನಿಸಿದರೆ ಪ್ರಯಾಣದ ಸುಸ್ತಿರಬಹುದು ಅಂತ ನೀವೇ ತೀರ್ಮಾನಿಸಬೇಡಿ, ಹೋಗಿ ತೋರಿಸಿ.

ಹೆರಿಗೆಯಾದ ಮೇಲೆ ಮಗುವಿನ ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಸ್ಪತ್ರೆಯವರು ವಿವರ ಕಳಿಸುವಾಗ ಅಪ್ಪ-ಅಮ್ಮನ ಹೆಸರಿನ ಕಾಗುಣಿತವನ್ನು ಪಾಸ್‌ಪೋರ್ಟಿಗೋ ಆಧಾರಿಗೋ ತಾಳೆ ನೋಡಿ ಬರೆಸಿ. ಮೂರರಲ್ಲೋ ಐದರಲ್ಲೋ ಗಂಡನ ಮನೆಗೆ ಹೊರಡುವಾಗ, ಅದು ಹೊರದೇಶವಾಗಿದ್ದರೆ ಕೂಸಿಗೂ ಬೇರೆ ಪಾಸ್‌ಪೋರ್ಟ್ ಬೇಕು, ವೀಸಾ ಬೇಕು. ಜನನ ಪತ್ರ ಕೈಗೆ ಬಂದ ವಾರವೇ ಅದಕ್ಕೆ ಅರ್ಜಿ ಹಾಕಿ.